ಹುಬ್ಬಳ್ಳಿ-ಧಾರವಾಡದಲ್ಲಿ ಗಣಿತದ ಮನೆಪಾಠ

ಪ್ರೌಢಶಾಲೆ ಮತ್ತು ಪಿಯುಸಿ ಮಕ್ಕಳಿಗೆ ತರಗತಿಯ ಹೊತ್ತಿನಾಚೆ ಗಣಿತ ಹೇಳಿಕೊಡುವ ಕೆಲಸ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಊರಿನ ಮಾತಿನಲ್ಲಿ ಇದು ‘ಟ್ಯೂಷನ್ ಹಚ್ಚುವುದು’. ನಿವೃತ್ತ ಮಾಸ್ತರರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತ ನಾಲ್ಕು ಮಕ್ಕಳಿಂದ ಹಿಡಿದು, ಮೈಕು ಹಿಡಿದು ಪಾಠ ಹೇಳುವ ದೊಡ್ಡ ಸಭಾಂಗಣದ ಬ್ಯಾಚಿನವರೆಗೆ ಎಲ್ಲಕ್ಕೂ ಇದೇ ಹೆಸರು. ಆದರೆ ಇವು ಮಾಡುವ ಕೆಲಸ ಬೇರೆ ಬೇರೆ. ದೊಡ್ಡ ಬ್ಯಾಚು ಪಾಠವನ್ನು ಇನ್ನೊಮ್ಮೆ ಒಪ್ಪಿಸುತ್ತದೆ. ಸಣ್ಣ ಗುಂಪಿನಲ್ಲಿ ಮಾಸ್ತರರ ಕಣ್ಣು ಮಗುವಿನ ವಹಿಯ ಮೇಲಿರುತ್ತದೆ. ವರ್ಗ ಸಮೀಕರಣ ದಾಟಿ ಕಲನಶಾಸ್ತ್ರದ ಕಡೆಗೆ ಹೊರಟ ವಿದ್ಯಾರ್ಥಿಗೆ ಹೆಚ್ಚು ಬೇಕಾದದ್ದು ಎರಡನೆಯದು, ಅವಳಿನಗರದಲ್ಲಿ ಈಗ ವಿರಳವಾಗುತ್ತಿರುವುದೂ ಅದೇ.

2011ರ ಜನಗಣತಿಯಲ್ಲಿ 9.4 ಲಕ್ಷ ಜನರಿದ್ದ ಈ ಮಹಾನಗರದ ಎರಡು ತುದಿಗಳಿಗೂ ಶಿಕ್ಷಣದ ಬೇರೆ ಬೇರೆ ಚಹರೆ ಇದೆ. ಧಾರವಾಡದ ಸಪ್ತಾಪುರ ಇಂದು ಹೆಚ್ಚಾಗಿ ನೌಕರಿ ಪರೀಕ್ಷೆಗಳ ತರಬೇತಿಗೆ ಹೆಸರಾಗಿದೆ. ಪಿಎಸ್‌ಐ, ಕೆಎಎಸ್, ಎಫ್‌ಡಿಎ ಎಂದು ಉತ್ತರ ಕರ್ನಾಟಕದ ಎಲ್ಲ ಕಡೆಯ ಯುವಜನ ಅಲ್ಲಿ ರೂಮು ಮಾಡಿಕೊಂಡು ಓದುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದ ಸುತ್ತ ಪಿಯು ವಿಜ್ಞಾನ ಮತ್ತು ಎಂಜಿನಿಯರಿಂಗ್ ಪ್ರವೇಶದ ತಯಾರಿ ಜೋರು. ಎರಡರ ನಡುವಿನ ಸುಮಾರು 20 ಕಿಲೋಮೀಟರನ್ನು ತ್ವರಿತ ಸಾರಿಗೆಯ ‘ಚಿಗರಿ’ ಬಸ್ಸು ಹತ್ತಿರ ಮಾಡಿದ ಮೇಲೆ ಒಂದೂರಿನ ಮಗು ಇನ್ನೊಂದೂರಿನ ಮಾಸ್ತರರ ಕಡೆ ಪಾಠಕ್ಕೆ ಹೋಗಿಬರುವುದು ಸಾಧ್ಯವಾಗಿದೆ.

ಹಿನ್ನೆಲೆ

ಈ ಭಾಗಕ್ಕೆ ಗಣಿತದ ನೆನಪು ಹಳೆಯದು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಕೃತಿಗಳನ್ನು ಕನ್ನಡದಲ್ಲೇ ರಚಿಸಿದ. ಉನ್ನತ ಗಣಿತವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಈ ಒಂದು ಹೆಸರು ಸಾಕು.

ಆಧುನಿಕ ಶಾಲಾ ಗಣಿತ ಬಂದದ್ದು ಮುಂಬಯಿ ಪ್ರಾಂತ್ಯದ ಮೂಲಕ. 1956ರವರೆಗೆ ಧಾರವಾಡ ಜಿಲ್ಲೆ ಮುಂಬಯಿಗೆ ಸೇರಿತ್ತು. 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವ ತನಕ ಮ್ಯಾಟ್ರಿಕ್ ಮುಗಿಸಿದ ಇಲ್ಲಿನ ಹುಡುಗರು ಮುಂದಿನ ಓದಿಗೆ ಬಹುಮಟ್ಟಿಗೆ ಪುಣೆಗೆ ಹೋಗುತ್ತಿದ್ದರು. ಅಲ್ಲಿನ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲ ರ‍್ಯಾಂಗ್ಲರ್ ಪರಾಂಜಪೆ 1899ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವರು. ಗೋಕಾಕ ತಾಲ್ಲೂಕಿನ ಮಮದಾಪುರದ ದಾದಪ್ಪ ಚಿಂತಪ್ಪ ಪಾವಟೆ ಕೂಡ ಕೇಂಬ್ರಿಜ್‌ಗೆ ಹೋಗಿ ರ‍್ಯಾಂಗ್ಲರ್ ಆಗಿ ಮರಳಿದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿ ನಿಲ್ಲಿಸಿದವರು ಅವರು. ಆಮೇಲೆ ಪಂಜಾಬಿನ ರಾಜ್ಯಪಾಲರೂ ಆದರು. ಒಕ್ಕಲುತನದ ಸೀಮೆಯ ಹುಡುಗನೊಬ್ಬ ಗಣಿತ ಹಿಡಿದು ಅಷ್ಟು ದೂರ ಹೋದದ್ದು ಈ ಭಾಗದ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮಾತಾಗಿತ್ತು.

‘ರ‍್ಯಾಂಗ್ಲರ್’ ಎಂಬುದು ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರ ಬಿರುದು. ಅದರ ಹಿಂದೆ ಮನೆಪಾಠದ ದೊಡ್ಡ ಕತೆಯೇ ಇದೆ ಎಂಬುದನ್ನು ಇಲ್ಲಿ ಹೇಳಬೇಕು. 19ನೆಯ ಶತಮಾನದ ಕೇಂಬ್ರಿಜ್‌ನಲ್ಲಿ ಗಣಿತದ ವಿದ್ಯಾರ್ಥಿಗಳನ್ನು ಪರೀಕ್ಷೆಗೆ ತಯಾರು ಮಾಡುತ್ತಿದ್ದವರು ಮುಖ್ಯವಾಗಿ ಖಾಸಗಿ ಪಾಠ ಹೇಳುವ ಶಿಕ್ಷಕರು. ವಿಲಿಯಂ ಹಾಪ್ಕಿನ್ಸ್ ಬಳಿ ಮುಂದೆ ಹೆಸರಾಂತ ವಿಜ್ಞಾನಿಗಳಾದ ಕೆಲ್ವಿನ್, ಸ್ಟೋಕ್ಸ್, ಮ್ಯಾಕ್ಸ್‌ವೆಲ್ ಕಲಿತರು. ಹಾಪ್ಕಿನ್ಸರ ಇನ್ನೊಬ್ಬ ಶಿಷ್ಯ ಎಡ್ವರ್ಡ್ ರೌತ್ ಎರಡು ಡಜನ್‌ಗೂ ಹೆಚ್ಚು ಮಂದಿ ಮೊದಲ ಸ್ಥಾನದವರನ್ನು, ಅಂದರೆ ಸೀನಿಯರ್ ರ‍್ಯಾಂಗ್ಲರ್‌ಗಳನ್ನು ತಯಾರು ಮಾಡಿದರು. ವಾರವಾರ ಲೆಕ್ಕ ಕೊಡುವುದು, ಬರೆದು ತಂದದ್ದನ್ನು ಸಾಲುಸಾಲಾಗಿ ತಿದ್ದುವುದು ಆ ಪಾಠದ ಜೀವಾಳ. ಟ್ಯೂಷನ್ನಿಗೆ ಹೋಗುವುದು ದಡ್ಡರ ಕೆಲಸ ಎಂಬ ಸಂಕೋಚ ಇನ್ನೂ ಕೆಲವು ಮನೆಗಳಲ್ಲಿದೆ. ಮ್ಯಾಕ್ಸ್‌ವೆಲ್‌ನಂಥವನೇ ಹೋಗಿದ್ದ ಮೇಲೆ ಆ ಸಂಕೋಚಕ್ಕೆ ಆಧಾರವಿಲ್ಲ.

ಧಾರವಾಡದ ಮನೆಪಾಠಕ್ಕೆ ಇನ್ನೊಂದು ಬೇರೂ ಉಂಟು. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ಮುರುಘಾಮಠದ ಪ್ರಸಾದ ನಿಲಯದಲ್ಲೋ, ವಾರಾನ್ನದ ಮನೆಗಳಲ್ಲೋ ಉಂಡು, ಸಣ್ಣ ರೂಮುಗಳಲ್ಲಿ ನಾಲ್ಕೈದು ಮಂದಿ ಕೂಡಿ ಓದಿದರು. ಮೇಲಿನ ತರಗತಿಯವನು ಕೆಳಗಿನವನಿಗೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದ. ದುಡ್ಡಿನ ಮಾತಿಲ್ಲದ ಈ ಪಾಠವನ್ನು ಯಾವ ದಾಖಲೆಯೂ ಎಣಿಸಿಲ್ಲ, ಆದರೆ ಧಾರವಾಡಕ್ಕಿರುವ ‘ವಿದ್ಯಾಕಾಶಿ’ ಎಂಬ ಹೆಸರಿಗೆ ಕಾಲೇಜುಗಳಷ್ಟೇ ಈ ರೂಮುಗಳೂ ಕಾರಣ.

ಎಂಜಿನಿಯರಿಂಗ್ ಸೀಟಿನ ಆಸೆ ಬೆಳೆದಂತೆ ಪಾಠದ ರೀತಿ ಬದಲಾಯಿತು. ಹುಬ್ಬಳ್ಳಿಯಲ್ಲಿ 1947ರಲ್ಲಿ ಶುರುವಾದ ಬಿ.ವಿ. ಭೂಮರಡ್ಡಿ ಕಾಲೇಜು (ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ಧಾರವಾಡದ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು (1979) ಮನೆಯ ಹತ್ತಿರವೇ ಇದ್ದವು. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡಕ್ಕೆ ಬಂದವು. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಗಟ್ಟಿಯಾದ ಮೇಲೆ ಪಿಯು ಕಾಲೇಜಿನೊಳಗೇ ಕೋಚಿಂಗ್ ಸೇರಿಸಿಕೊಂಡ ‘ಇಂಟಿಗ್ರೇಟೆಡ್’ ವ್ಯವಸ್ಥೆ ಹಬ್ಬಿತು. ಮಾಸ್ತರರ ಪಡಸಾಲೆ ಹಿಂದೆ ಬಿತ್ತು.

ಹತ್ತನೆಯ ತರಗತಿ

ರಾಜ್ಯ ಪಠ್ಯಕ್ರಮದ ಎಸ್‌ಎಸ್‌ಎಲ್‌ಸಿ ಗಣಿತ 100 ಅಂಕಗಳದ್ದು: 80 ಲಿಖಿತ, 20 ಆಂತರಿಕ. ಈಚಿನ ವರ್ಷಗಳ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳು. ಬಹುಆಯ್ಕೆಯ 8, ಒಂದಂಕದ 8, ಎರಡಂಕದ 8, ಮೂರಂಕದ 9, ನಾಲ್ಕಂಕದ 4, ಕೊನೆಯಲ್ಲಿ ಐದಂಕದ್ದು ಒಂದು. ಈ ಹಂಚಿಕೆಯನ್ನು ಮನೆಪಾಠದ ಮಾಸ್ತರರು ಬಾಯಿಪಾಠ ಹೇಳಬಲ್ಲರು, ಏಕೆಂದರೆ ಪಾಠದ ಯೋಜನೆ ನಿಲ್ಲುವುದೇ ಅದರ ಮೇಲೆ.

ಹಿಂದುಳಿದ ಮಕ್ಕಳಿಗಾಗಿ ಸರ್ಕಾರಿ ಶಾಲೆಗಳೂ ಬೆಳಿಗ್ಗೆ, ಸಂಜೆ ವಿಶೇಷ ತರಗತಿ ನಡೆಸುತ್ತವೆ. ಅಲ್ಲಿ ಚಾಲ್ತಿಯಲ್ಲಿರುವ ಸಾಧನ ‘ಪಾಸಿಂಗ್ ಪ್ಯಾಕೇಜ್’. ಥೇಲ್ಸ್‌ನ ಪ್ರಮೇಯ, ನಕ್ಷೆಯ ಮೂಲಕ ಬಿಡಿಸುವ ಸಮೀಕರಣ ಜೋಡಿ, ಸರಾಸರಿ-ಮಧ್ಯಾಂಕದ ಕೋಷ್ಟಕ, ಹೀಗೆ ಖಾತ್ರಿ ಅಂಕ ಕೊಡುವ ಭಾಗಗಳನ್ನೇ ಮತ್ತೆ ಮತ್ತೆ ಬರೆಯಿಸುವುದು. ಪಾಸಾದರೆ ಸಾಕೆನ್ನುವ ಮಗುವಿಗೆ ಇದರಿಂದ ನಿಜವಾದ ಉಪಕಾರವಿದೆ, ಅದನ್ನು ಹಗುರವಾಗಿ ಕಾಣಬಾರದು. ತೊಂದರೆ ಬರುವುದು ಅದೇ ಮಗು 70 ಅಂಕ ಪಡೆದು ಪಿಯು ವಿಜ್ಞಾನಕ್ಕೆ ಸೇರಿದಾಗ. ಪ್ರಮೇಯವನ್ನು ಉರು ಹೊಡೆದು ಬರೆದವರಿಗೆ ಸಾಧನೆ (ಪ್ರೂಫ್) ಎಂದರೆ ಏನೆಂದು ಗೊತ್ತಿರುವುದಿಲ್ಲ.

ಅಂಕಪಟ್ಟಿ ಎಷ್ಟು ಹೇಳುತ್ತದೆ ಎಂಬುದಕ್ಕೆ ಎರಡು ವರ್ಷಗಳನ್ನು ನೋಡಬಹುದು. ಕೋವಿಡ್ ಕಾಲದ 2021ರಲ್ಲಿ ಎಸ್‌ಎಸ್‌ಎಲ್‌ಸಿ ಎರಡೇ ದಿನದ ಬಹುಆಯ್ಕೆ ಪರೀಕ್ಷೆಯಾಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಒಂದೇ ದಿನ, ವಿಷಯಕ್ಕೆ 40 ಪ್ರಶ್ನೆ. ಆ ಮಕ್ಕಳು ಒಂದು ಲೆಕ್ಕದ ಹಂತಗಳನ್ನೂ ಬರೆಯದೆ ಪಿಯುಸಿಗೆ ಬಂದರು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಆದ್ದರಿಂದ ಅನುಭವಿ ಮನೆಪಾಠದವರು ಹೊಸದಾಗಿ ಬಂದ ಮಗುವಿನ ಅಂಕಪಟ್ಟಿ ಕೇಳುವುದಿಲ್ಲ, ಹಾಳೆ ಕೊಟ್ಟು ಒಂದು ಲೆಕ್ಕ ಬಿಡಿಸಲು ಹೇಳುತ್ತಾರೆ.

ತಪ್ಪಿನ ಬೇರು

ಮೇಲಿನ ಗಣಿತದಲ್ಲಿ ಸೋಲುವ ವಿದ್ಯಾರ್ಥಿ ಬಹಳ ಸಲ ಸೋತಿರುವುದು ಕೆಳಗಿನ ಗಣಿತದಲ್ಲಿ. ಅನುಕಲನದ ಲೆಕ್ಕದಲ್ಲಿ ಸಿಕ್ಕಿಬಿದ್ದವನ ವಹಿ ತೆರೆದರೆ ಅನುಕಲನದ ಸೂತ್ರ ಸರಿಯಾಗೇ ಇರುತ್ತದೆ. ಎರಡು ಸಾಲು ಮೇಲೆ ಭಿನ್ನರಾಶಿಯನ್ನು ತಪ್ಪಾಗಿ ಒಡೆದಿರುತ್ತಾನೆ. ಛೇದದಲ್ಲಿ ಎರಡು ಪದಗಳ ಮೊತ್ತವಿದ್ದರೆ ಅದನ್ನು ಎರಡು ಬಿಡಿ ಭಿನ್ನರಾಶಿಗಳಾಗಿಸುವುದು ತೀರಾ ಸಾಮಾನ್ಯ ತಪ್ಪು. ‘ತಪ್ಪು’ ಎಂದು ಕೆಂಪು ಗೆರೆ ಎಳೆದರೆ ಅದು ಹೋಗುವುದಿಲ್ಲ. ‘2 ಮತ್ತು 3 ಹಾಕಿ ನೋಡಪಾ’ ಎಂದಾಗ ಹೋಗುತ್ತದೆ. 1/(2+3) ಎಂದರೆ 1/5. 1/2 ಮತ್ತು 1/3 ಕೂಡಿದರೆ 5/6. ಐದನೆಯ ಒಂದು ಪಾಲು ಎಲ್ಲಿ, ಆರರಲ್ಲಿ ಐದು ಪಾಲು ಎಲ್ಲಿ! ಮಗು ತಾನೇ ಲೆಕ್ಕಹಾಕಿ ಕಂಡುಕೊಂಡ ಈ ಅಂತರ ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ.

ಇನ್ನೊಂದು ಹಳೆಯ ತಪ್ಪು, ಮೊತ್ತದ ವರ್ಗವನ್ನು ವರ್ಗಗಳ ಮೊತ್ತ ಎಂದುಕೊಳ್ಳುವುದು. 5ಕ್ಕೆ 3 ಕೂಡಿಸಿದರೆ 8, ಅದರ ವರ್ಗ 64. ಬಿಡಿಯಾಗಿ 25 ಮತ್ತು 9 ಕೂಡಿದರೆ 34. ಉಳಿದ 30 ಎಲ್ಲಿ ಹೋಯಿತು? ಒಳ್ಳೆಯ ಮಾಸ್ತರರು ಇಲ್ಲಿ ಸೂತ್ರ ಹೇಳುವ ಅವಸರ ಮಾಡುವುದಿಲ್ಲ. ಚೌಕುಳಿ ಹಾಳೆಯ ಮೇಲೆ 8 ಮನೆ ಉದ್ದ, 8 ಮನೆ ಅಗಲದ ಚೌಕ ಬರೆಯಿಸುತ್ತಾರೆ. ಒಂದು ಮೂಲೆಯಲ್ಲಿ 5ರ ಚೌಕ, ಎದುರು ಮೂಲೆಯಲ್ಲಿ 3ರ ಚೌಕ. ಮಿಕ್ಕದ್ದು ಎರಡು ಆಯತ, ಒಂದೊಂದರಲ್ಲೂ 15 ಮನೆ. ಮೂವತ್ತು ಸಿಕ್ಕಿತು. ಇದನ್ನು ತನ್ನ ಕೈಯಿಂದ ಬರೆದ ಹುಡುಗಿಗೆ ಎರಡು ವರ್ಷದ ನಂತರ ದ್ವಿಪದ ಪ್ರಮೇಯ ಬಂದಾಗ ಅದರ ನಡುವಿನ ಪದಗಳು ಎಲ್ಲಿಂದ ಬಂದವು ಎಂದು ಯಾರೂ ಹೇಳಬೇಕಾಗಿಲ್ಲ.

ಇಂಥ ಕೆಲಸಕ್ಕೆ ಒಂದು ಮಗುವಿಗೆ ಹತ್ತು ನಿಮಿಷ ಬೇಕು. ನೂರು ಮಂದಿಯ ಬ್ಯಾಚಿನಲ್ಲಿ ಆ ಹತ್ತು ನಿಮಿಷ ಯಾರಿಗೂ ಸಿಗುವುದಿಲ್ಲ. ಅಲ್ಲಿನ ಪಾಠ ಎಷ್ಟೇ ಸೊಗಸಾಗಿರಲಿ, ‘ತಿಳೀತೇನ?’ ಎಂಬ ಪ್ರಶ್ನೆಗೆ ‘ಹೂಂರಿ ಸರ’ ಎಂಬ ಒಕ್ಕೊರಲ ಉತ್ತರವೇ ಬರುತ್ತದೆ.

ಪಿಯುಸಿಯ ಏರು

ಮೊದಲ ಪಿಯುಸಿ ಗಣಿತದಲ್ಲಿ ಒಮ್ಮೆಗೇ ಹಲವು ಬದಲಾವಣೆಗಳು ಎದುರಾಗುತ್ತವೆ. ಕೋನವನ್ನು ಅಂಶದ ಬದಲು ರೇಡಿಯನ್‌ನಲ್ಲಿ ಅಳೆಯಬೇಕು. ತ್ರಿಭುಜದ ಬಾಹುಗಳ ಅನುಪಾತವಾಗಿದ್ದ ತ್ರಿಕೋನಮಿತಿ ಉತ್ಪನ್ನ (ಫಂಕ್ಷನ್) ಆಗುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಇದೆಲ್ಲ ಇಂಗ್ಲಿಷಿನಲ್ಲಿ. ವಿಜ್ಞಾನ ವಿಭಾಗದ ಬೋಧನೆ ಬಹುತೇಕ ಇಂಗ್ಲಿಷ್ ಮಾಧ್ಯಮದ್ದು, ಪಠ್ಯವೂ ಎನ್‌ಸಿಇಆರ್‌ಟಿಯದು. ಕಲಘಟಗಿ, ನವಲಗುಂದ, ಕುಂದಗೋಳದ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಮೊದಲಿಗಳಾಗಿದ್ದ ಹುಡುಗಿ ಜೂನ್, ಜುಲೈನಲ್ಲಿ ಮೌನಿಯಾಗುವುದು ಇದರಿಂದಲೇ. ಅವಳಿಗೆ ‘ಸಮಾಂತರ ಶ್ರೇಢಿ’ ಗೊತ್ತು, ‘ಅರಿಥ್ಮೆಟಿಕ್ ಪ್ರೊಗ್ರೆಶನ್’ ಎಂದಾಗ ಅದೇ ಇದು ಎಂದು ಹೊಳೆಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಅವಳನ್ನು ದಡ್ಡಿ ಎಂದು ಕೂಡಿಸಿದರೆ ಅದು ಅನ್ಯಾಯ. ಕನ್ನಡದಲ್ಲಿ ವಿವರಿಸಿ, ಪದವನ್ನು ಎರಡೂ ಭಾಷೆಯಲ್ಲಿ ಹೇಳಿ, ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಿಸುವ ಮಾಸ್ತರರು ಸಿಕ್ಕರೆ ದೀಪಾವಳಿಯ ಹೊತ್ತಿಗೆ ಅವಳು ಮತ್ತೆ ಮುಂದಿನ ಸಾಲಿಗೆ ಬರಬಲ್ಲಳು. ಅವಳಿನಗರದ ಮನೆಪಾಠ ಈ ಪ್ರದೇಶಕ್ಕೆ ಮಾಡಿರುವ ದೊಡ್ಡ ಉಪಕಾರ ಯಾವುದೆಂದರೆ ಇದೇ.

ಭೌತಶಾಸ್ತ್ರದಿಂದ ಇನ್ನೊಂದು ಪೆಟ್ಟು ಬೀಳುತ್ತದೆ. ಸರಳರೇಖೆಯ ಚಲನೆಯನ್ನು ಹೇಳುವಾಗಲೇ, ವರ್ಷದ ಆರಂಭದಲ್ಲಿ, ತತ್‌ಕ್ಷಣದ ವೇಗಕ್ಕೆ ಅವಕಲನ, ಅಂದರೆ ಡೆರಿವೇಟಿವ್, ಬೇಕಾಗುತ್ತದೆ. ಗಣಿತದ ಪುಸ್ತಕದಲ್ಲಿ ಮಿತಿ ಮತ್ತು ಅವಕಲನ 14 ಅಧ್ಯಾಯಗಳಲ್ಲಿ 12ನೆಯದು. ಹಾಗಾಗಿ ಗಣಿತದ ತರಗತಿ ಅಲ್ಲಿಗೆ ಮುಟ್ಟುವ ತಿಂಗಳುಗಳ ಮೊದಲೇ ಮಗು ಅದನ್ನು ಅರ್ಥವಿಲ್ಲದ ಗುರುತಾಗಿ ಬಳಸಲು ಕಲಿತುಬಿಡುತ್ತದೆ. ಎರಡನೆಯ ಪಿಯುಸಿಯ 13 ಅಧ್ಯಾಯಗಳಲ್ಲಿ 5 ಕಲನಶಾಸ್ತ್ರಕ್ಕೇ ಸೇರಿದ್ದರಿಂದ ಈ ಅರ್ಧ ತಿಳಿವಳಿಕೆಯ ಬೆಲೆ ದೊಡ್ಡದು.

ಪರೀಕ್ಷೆಗಳೂ ಒಂದೇ ಬಗೆಯವಲ್ಲ. ಮಂಡಳಿಯ ಪರೀಕ್ಷೆ ಹಂತಗಳಿಗೆ ಅಂಕ ಕೊಡುತ್ತದೆ. ಸಿಇಟಿಯ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಮತ್ತು ಸಿಇಟಿ ಅಂಕ ಅರ್ಧರ್ಧ. ರಾಷ್ಟ್ರಮಟ್ಟದ ಜೆಇಇಯಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುತ್ತದೆ. ಮೂರಕ್ಕೂ ಒಂದೇ ಬ್ಯಾಚಿನಲ್ಲಿ ಓಡಿಸಿದ ಮಗು ಮೂರರಲ್ಲೂ ಅರೆಬರೆಯಾಗುವ ಅಪಾಯವಿದೆ. ಪ್ರಶ್ನೆಗೆ 80 ಸೆಕೆಂಡ್ ಎಂಬ ಅವಸರದ ಅಭ್ಯಾಸ ಕೊನೆಯ ತಿಂಗಳುಗಳ ಮಾತು. ಮೊದಲ ಪಿಯುಸಿಯಲ್ಲೇ ಶಾರ್ಟ್‌ಕಟ್ ಕಲಿಸುವುದು ಮಕ್ಕಳಿಗೆ ಮಾಡುವ ಹಾನಿ.

ಕೂಡಿ ಓದುವುದು

ಮನೆಪಾಠದಿಂದ ಎಷ್ಟು ಪ್ರಯೋಜನ ಎಂಬ ಬಗ್ಗೆ ಹೊರಗೆ ಸಾಕಷ್ಟು ಅಧ್ಯಯನ ನಡೆದಿದೆ. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಒಬ್ಬರಿಗೊಬ್ಬರು ಕುಳಿತು ಕಲಿತರೆ ಸಾಧಾರಣ ವಿದ್ಯಾರ್ಥಿ ನೂರು ಮಂದಿಯಲ್ಲಿ 98ನೆಯ ಮಟ್ಟಕ್ಕೆ ಏರಬಲ್ಲ. ಈ ಮಾತು ಬಹಳ ಪ್ರಸಿದ್ಧವಾಯಿತು, ಆದರೆ ನಂತರದವರಿಗೆ ಅಷ್ಟು ದೊಡ್ಡ ಫಲ ಕಾಣಲಿಲ್ಲ. 2020ರಲ್ಲಿ 96 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡ ಏರಿಕೆ ನೂರರಲ್ಲಿ 50ರಿಂದ ಸುಮಾರು 64ರ ಮಟ್ಟಕ್ಕೆ. ಇದೂ ಸಣ್ಣದೇನಲ್ಲ. ಷಿಕಾಗೊ ನಗರದ ಪ್ರೌಢಶಾಲೆಗಳಲ್ಲಿ ಒಬ್ಬ ಶಿಕ್ಷಕರಿಗೆ ಇಬ್ಬರೇ ಮಕ್ಕಳಂತೆ, ಶಾಲೆಯ ವೇಳಾಪಟ್ಟಿಯೊಳಗೇ ಗಣಿತ ಹೇಳಿಕೊಟ್ಟ ಪ್ರಯೋಗವೂ ಒಳ್ಳೆಯ ಫಲ ಕೊಟ್ಟಿತು. ಹದಿಹರೆಯದಲ್ಲಿ ಗಣಿತ ಸುಧಾರಿಸಲು ಕಾಲ ಮೀರಿಹೋಗಿರುತ್ತದೆ ಎಂಬ ನಂಬಿಕೆಯನ್ನು ಅದು ಅಲುಗಿಸಿತು.

ಧಾರವಾಡಕ್ಕೆ ಇನ್ನೂ ಹತ್ತಿರವಾದ ಉದಾಹರಣೆ ಅಮೆರಿಕದ ವಿಶ್ವವಿದ್ಯಾಲಯವಾದ ಬರ್ಕ್‌ಲಿಯದು. 1970ರ ದಶಕದ ಕೊನೆಗೆ ಅಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ಕಲನಶಾಸ್ತ್ರದಲ್ಲಿ ಸೋಲುತ್ತಿದ್ದ ಕಪ್ಪು ವಿದ್ಯಾರ್ಥಿಗಳನ್ನು ಗಮನಿಸಿದರು. ಅವರ ಶ್ರಮ ಕಡಿಮೆ ಇರಲಿಲ್ಲ, ಆದರೆ ಒಬ್ಬೊಬ್ಬರೇ ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ರಾತ್ರಿ ಕೂಡಿ ಕುಳಿತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡುತ್ತಿದ್ದರು. ಟ್ರೈಸ್‌ಮನ್ ಪರಿಹಾರ ಬೋಧನೆಯ ದಾರಿ ಬಿಟ್ಟು, ತರಗತಿಗಿಂತ ಕಠಿಣ ಲೆಕ್ಕಗಳನ್ನು ಸಣ್ಣ ಗುಂಪುಗಳಿಗೆ ಕೊಟ್ಟು ವಾದಿಸಲು ಬಿಟ್ಟರು. ಫಲಿತಾಂಶ ಬದಲಾಯಿತು. ಪ್ರಸಾದ ನಿಲಯ ಮತ್ತು ರೂಮುಗಳಲ್ಲಿ ಧಾರವಾಡದ ಹುಡುಗರು ಮಾಡುತ್ತಿದ್ದದ್ದು ಬಹುಮಟ್ಟಿಗೆ ಇದನ್ನೇ. ಇಂದಿನ ಬ್ಯಾಚುಗಳಲ್ಲಿ ಪಕ್ಕದವನೊಡನೆ ಮಾತಾಡುವುದು ಶಿಸ್ತುಭಂಗ.

ಸಣ್ಣ ಗುಂಪಿನ ಪಾಠ ಇನ್ನೂ ಉಳಿದಿರುವ ಮನೆಗಳಲ್ಲಿ ಕ್ರಮ ಸರಳ. ಒಬ್ಬರು ಲೆಕ್ಕ ಬಿಡಿಸುತ್ತಾರೆ, ಉಳಿದವರು ಪ್ರತಿ ಸಾಲಿಗೂ ‘ಯಾಕ?’ ಎಂದು ಕೇಳಬಹುದು. ಮಾಸ್ತರರು ಹಿಂದೆ ಕುಳಿತಿರುತ್ತಾರೆ. ಹೀಗೆ ಹೇಳಿಕೊಡುವವರಲ್ಲಿ ನಿವೃತ್ತ ಶಿಕ್ಷಕರು, ಬಿಎಸ್‌ಸಿ ಬಿಎಡ್ ಮಾಡಿ ಮನೆಯಲ್ಲಿರುವ ಹೆಣ್ಣುಮಕ್ಕಳು, ರೂಮಿನ ಬಾಡಿಗೆಗಾಗಿ ಪಾಠ ಹೇಳುವ ಎಂಎಸ್‌ಸಿ ವಿದ್ಯಾರ್ಥಿಗಳು ಇದ್ದಾರೆ. ಕರ್ನಾಟಕ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಗ್ರಾಫ್ ಸಿದ್ಧಾಂತದಲ್ಲಿ ಹೆಸರಿದೆ. ಆ ಕ್ಷೇತ್ರದ ಎಚ್.ಬಿ. ವಾಲೀಕಾರ ಮುಂದೆ ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಾರಕ್ಕೆ ಒಂದು ಸಂಜೆ ಸರ್ಕಾರಿ ಪ್ರೌಢಶಾಲೆಗಳಿಗೆ ಕಳಿಸಿದರೆ ಊರಿಗೆ ದೊಡ್ಡ ಲಾಭ.

ಕಾನೂನು ಮತ್ತು ಖರ್ಚು

2009ರ ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಕರ್ನಾಟಕ ಶಿಕ್ಷಣ ಕಾಯಿದೆಯಡಿ ಟ್ಯುಟೋರಿಯಲ್ ಸಂಸ್ಥೆಗಳು ನೋಂದಣಿ ಮಾಡಿಸಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಬಾರದು, ರ‍್ಯಾಂಕಿನ ಭರವಸೆ ಕೊಡಬಾರದು ಎನ್ನುತ್ತದೆ.

2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ವಿದ್ಯಾರ್ಥಿಗಳಲ್ಲಿ ಶೇ 27ರಷ್ಟು ಖಾಸಗಿ ಪಾಠಕ್ಕೆ ಹೋಗುತ್ತಾರೆ. ನಗರಗಳಲ್ಲಿ ಶೇ 30.7, ಹಳ್ಳಿಗಳಲ್ಲಿ ಶೇ 25.5. ಹಣವಿಲ್ಲದ ಮನೆಗೆ ದಾರಿ ಮುಚ್ಚಿಲ್ಲ: ಖಾನ್ ಅಕಾಡೆಮಿಯ ಕನ್ನಡ ಪಾಠಗಳಿವೆ, ಪಠ್ಯಪುಸ್ತಕದ ಕ್ಯೂಆರ್ ಗುರುತಿನಿಂದ ಸರ್ಕಾರದ ‘ದೀಕ್ಷಾ’ ಕಲಿಕಾ ತಾಣ ತೆರೆಯುತ್ತದೆ. ಆದರೆ ವಿಡಿಯೊ ಮಗುವಿನ ವಹಿಯನ್ನು ನೋಡಲಾರದು.

ರಜೆಯ ವಾರಗಳು

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಪಿಯು ತರಗತಿ ಶುರುವಾಗುವ ನಡುವೆ ಏಪ್ರಿಲ್, ಮೇ ತಿಂಗಳುಗಳಿವೆ. ಮನೆಪಾಠಕ್ಕೆ ಒಂದೇ ಅವಧಿಯ ಹಣವಿದ್ದರೆ ಅದನ್ನು ಇಲ್ಲಿ ಹಾಕುವುದು ಲೇಸು. ಈ ಹೊತ್ತಿಗೆ ಪರೀಕ್ಷೆಯ ಭಯವಿಲ್ಲ, ಹಿಂದೆ ಹೋಗಿ ಬೀಜಗಣಿತದ ತಪ್ಪುಗಳನ್ನು ಬೇರಿನಿಂದ ಕೀಳಲು ಸಮಯವಿದೆ. ಭಿನ್ನರಾಶಿ, ಘಾತಾಂಕ, ಅಪವರ್ತನ, ಸರಳರೇಖೆಯ ಓಟ (ಸ್ಲೋಪ್), ರೇಡಿಯನ್, ಜೊತೆಗೆ ನೂರರಷ್ಟು ಇಂಗ್ಲಿಷ್ ಪದಗಳು, ಇಷ್ಟು ಸಾಕು.

ಕೊನೆಯ ವಾರ ಅವಕಲನದ ಬಾಗಿಲು ತೆರೆಯಬಹುದು, ಸೂತ್ರವಿಲ್ಲದೆ. ಸಂಖ್ಯೆಯ ವರ್ಗವನ್ನು ಕೊಡುವ ವಕ್ರರೇಖೆಯ ಮೇಲೆ 3ರ ಬಳಿ ನಿಂತು ಓಟ ಎಷ್ಟೆಂದು ಕೇಳಬೇಕು. 3ರಿಂದ 3.1ಕ್ಕೆ ಹೋದರೆ ವರ್ಗ 9ರಿಂದ 9.61 ಆಗುತ್ತದೆ, 0.61ನ್ನು 0.1ರಿಂದ ಭಾಗಿಸಿದರೆ 6.1. ಮುಂದೆ 3.01ಕ್ಕೆ ಹೋದರೆ 6.01. ಇನ್ನೂ ಹತ್ತಿರ, 3.001ಕ್ಕೆ, 6.001. ಗುಣಾಕಾರವನ್ನೆಲ್ಲ ಮಕ್ಕಳೇ ಕೈಯಿಂದ ಮಾಡಬೇಕು. ಮೂರನೆಯ ಸಾಲು ಮುಗಿಯುವ ಮೊದಲೇ ಯಾರಾದರೂ ‘ಆರಕ್ಕ ಹೊಂಟೈತ್ರಿ ಸರ’ ಎನ್ನುತ್ತಾರೆ. 4ರ ಬಳಿ ಎಷ್ಟು, 5ರ ಬಳಿ ಎಷ್ಟು ಎಂದು ಗುಂಪಿಗೇ ಬಿಟ್ಟರೆ 8, 10 ಎಂದು ಕಂಡುಹಿಡಿದು, ಸಂಖ್ಯೆಯ ಎರಡರಷ್ಟು ಎಂಬ ನಿಯಮವನ್ನು ಅವರೇ ಹೇಳುತ್ತಾರೆ. ಜೂನ್‌ನಲ್ಲಿ ಭೌತಶಾಸ್ತ್ರದ ಕರಿಹಲಗೆಯ ಮೇಲೆ ಡೆರಿವೇಟಿವ್ ಬರೆದಾಗ, ಆ ಗುರುತು ಯಾವ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತಿದೆ ಎಂಬುದು ಈ ಮಕ್ಕಳಿಗೆ ಗೊತ್ತಿರುತ್ತದೆ.